ಟ್ರಾವೆಲ್ ಟ್ರೈಲರ್‌ಗೆ ಹೊಸ ಟೈರ್: ಯಾವುದು ಹಾಕಿಸ್ಬೇಕು, ಯಾವುದು ಬೇಡ

ಟ್ರಾವೆಲ್ ಟ್ರೈಲರ್ ಅಂದ್ರೆ ಅಮೆರಿಕದಲ್ಲಿ ಟ್ರಕ್ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಮನೆಗಾಡಿ. ಅದರ ಟೈರ್ ಬದಲಾಯಿಸ್ಬೇಕು ಅಂತ ಹೊರಟೋರ ಮಾತು ಯಾವಾಗ್ಲೂ ಕಂಪನಿ ಹೆಸರಿಂದ್ಲೇ ಶುರು. ಗುಡ್‌ಇಯರ್ ಹಾಕಿಸ್ಲಾ, ಕಾರ್ಲೈಲ್ ಸಾಕಾ, ಸೈಲುನ್ ಚೆನ್ನಾಗಿದ್ಯಂತೆ ಹೌದಾ, ಟ್ರಕ್‌ಗೆ ಹಾಕೋ ಎಲ್‌ಟಿ ಟೈರೇ ವಾಸಿ ಅಂತಾರಲ್ಲ ನಿಜಾನಾ. ನಾನು ವಾಪಸ್ ಕೇಳೋದು ಒಂದೇ, ನಿಮ್ಮ ಟ್ರೈಲರ್ ತೂಕ ಎಷ್ಟು? ಅಲ್ಲಿಗೆ ಮಾತು ನಿಂತೋಗುತ್ತೆ. "ಬ್ರೋಷರ್‌ನಲ್ಲಿ ಐದು ಸಾವಿರದ ಚಿಲ್ಲರೆ ಪೌಂಡ್ ಅಂತಿತ್ತು" ಅಂತಾರೆ. ಅದು ಫ್ಯಾಕ್ಟರಿಯಿಂದ ಹೊರಗೆ ಬಿದ್ದಾಗ ಖಾಲಿ ಡಬ್ಬದ ತೂಕ ಕಣ್ರೀ, ಅದ್ರಲ್ಲಿ ನಿಮ್ಮ ಪಾತ್ರೆ ಇಲ್ಲ, ಹಾಸಿಗೆ ಇಲ್ಲ, ಸೈಕಲ್ ಇಲ್ಲ, ನೀರಿಲ್ಲ.

ಹೀಗೆ ದೊಡ್ಡ ಮನುಷ್ಯನ ಥರ ಹೇಳ್ತಿದೀನಿ ಅಷ್ಟೇ, ನಾನೂ ಕಲಿತಿದ್ದು ಪೆಟ್ಟು ತಿಂದೇ. ನಾಲ್ಕು ವರ್ಷದ ಟೈರ್, ಗ್ರಿಪ್ ನೋಡಿದ್ರೆ ನಿನ್ನೆ ಹಾಕಿಸ್ದಂಗಿತ್ತು, ಹೈವೇನಲ್ಲಿ ಆರಾಮಾಗಿ ಹೋಗ್ತಿದ್ದೆ. ಪಕ್ಕದ ಲಾರಿಯವನು ಹಾರ್ನ್ ಹೊಡೆದು ಕೈ ಸನ್ನೆ ಮಾಡೋ ತನಕ ನನಗೆ ಏನೂ ಗೊತ್ತಾಗ್ಲಿಲ್ಲ, ಸ್ಟೀರಿಂಗ್‌ನಲ್ಲಿ ಒಂದು ನಡುಕ ಕೂಡ ಇರ್ಲಿಲ್ಲ. ಇಳಿದು ನೋಡಿದ್ರೆ ಎಡಗಡೆ ಹಿಂದಿನ ಟೈರಿನ ಮೇಲ್ಪದರ ಬಾಳೆಹಣ್ಣಿನ ಸಿಪ್ಪೆ ಥರ ಸುಲ್ಕೊಂಡು, ಅದೇ ಚಾವಟಿ ಥರ ಬಡಿದು ಬಡಿದು ಚಕ್ರದ ಮೇಲಿನ ಪ್ಲಾಸ್ಟಿಕ್ ಗೂಡು ಚೂರಾಗಿ, ಒಳಗೆ ಹೋಗಿ ಕಪಾಟಿನ ಬಾಗಿಲು ತೆಗೆದ್ರೆ ಕಪಾಟಿನ ತಳದಲ್ಲಿ ರಸ್ತೆ ಕಾಣ್ತಿತ್ತು. ಬ್ರೇಕ್ ವೈರೂ ಹರಿದೋಗಿತ್ತು. ರಿಪೇರಿ ಬಿಲ್ಲು ನಾಲ್ಕು ಹೊಸ ಟೈರಿಗಿಂತ ಜಾಸ್ತಿ ಬಂತು. ಮೇಲೆ ಥಳಕು ಒಳಗೆ ಹುಳುಕು ಅನ್ನೋ ಮಾತು ಟ್ರೈಲರ್ ಟೈರ್ ನೋಡೇ ಹುಟ್ಟಿರ್ಬೇಕು ಅನ್ಸುತ್ತೆ ನನಗೆ.

ಸರಿ, ಕಂಪನಿ ಹೆಸರು ಸದ್ಯಕ್ಕೆ ಬದಿಗಿಡಿ. ಮೊದ್ಲು ಯಾವ ಅಳತೆ ಹಿಡ್ಕೊಂಡು ನೋಡ್ಬೇಕು ಅಂತ ಹೇಳ್ತೀನಿ.

ಮೊದಲನೇದು ತೂಕ, ಎರಡನೇದೂ ತೂಕ

ಹೈವೇ ಪಕ್ಕ ಲಾರಿಗಳು ನಿಲ್ಲೋ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ತೂಕದ ಕಟ್ಟೆ ಇರುತ್ತಲ್ಲ, ಅಲ್ಲಿಗೆ ಹೋಗಿ. ಟ್ರಕ್ಕಿನ ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನ ಚಕ್ರ ಎರಡನೇ ಹಲಗೆ ಮೇಲೆ, ಟ್ರೈಲರ್ ಚಕ್ರಗಳು ಮೂರನೇದ್ರ ಮೇಲೆ ಬರೋ ಹಾಗೆ ನಿಲ್ಲಿಸಿದ್ರೆ ಮೂರಕ್ಕೂ ಬೇರೆ ಬೇರೆ ತೂಕ ಬರೆದು ಚೀಟಿ ಕೊಡ್ತಾರೆ. ಟೈರಿನ ಲೆಕ್ಕಕ್ಕೆ ಬೇಕಾಗಿರೋದು ಆ ಮೂರನೇ ನಂಬರ್. ಆದ್ರೆ ಖಾಲಿ ಟ್ರೈಲರ್ ತಗೊಂಡೋಗ್ಬೇಡಿ, ಟ್ರಿಪ್‌ಗೆ ಹೊರಡೋ ಹಾಗೆ ತುಂಬ್ಕೊಂಡು ಹೋಗಿ, ನೀರಿನ ಟ್ಯಾಂಕ್ ತುಂಬಿಸ್ಕೊಂಡೇ ಹೋಗಿ. ಒಂದು ಗ್ಯಾಲನ್ ನೀರು 8.3 ಪೌಂಡ್ ಚಿಲ್ಲರೆ, 40 ಗ್ಯಾಲನ್ ಟ್ಯಾಂಕ್ ಅಂದ್ರೆ ಅಲ್ಲಿಗೇ ಸುಮಾರು 330 ಪೌಂಡ್.

ನಂದೇ ಲೆಕ್ಕ ಹೇಳ್ತೀನಿ ನೋಡಿ. ಎರಡು ಆಕ್ಸೆಲ್ ನಾಲ್ಕು ಚಕ್ರದ ಟ್ರೈಲರ್, ಎಲ್ಲಾ ತುಂಬಿದ್ ಮೇಲೆ ಒಟ್ಟು 6,900 ಪೌಂಡ್, ಅದ್ರಲ್ಲಿ 900 ಮೂತಿ ಮೇಲೆ, ಅಂದ್ರೆ ಟ್ರಕ್ಕಿನ ಕೊಂಡಿ ಮೇಲೆ ಕೂರುತ್ತೆ. ಉಳಿದ 6,000 ನಾಲ್ಕು ಟೈರ್ ಮೇಲೆ. ಭಾಗಿಸಿದ್ರೆ ಟೈರಿಗೆ 1,500 ಅಂತ ಖುಷಿಯಾಗ್ಬೇಡಿ, ಯಾಕಂದ್ರೆ ಟ್ರೈಲರ್ ಯಾವತ್ತೂ ಸಮ ತೂಗಲ್ಲ. ಅಡುಗೆ ಕಟ್ಟೆ, ಫ್ರಿಜ್, ಸ್ಲೈಡ್ ಔಟ್ (ನಿಲ್ಲಿಸಿದಾಗ ಹೊರಗೆ ಜಾರಿಸೋ ಕೋಣೆ ಭಾಗ) ಎಲ್ಲ ಒಂದೇ ಕಡೆ ಜಡಿದಿರ್ತಾರೆ. ಆರ್‌ವಿಯವರು, ಅಂದ್ರೆ ಇಂಥ ಮನೆಗಾಡಿ ಇರೋರು, ಸೇರೋ ಕೆಲವು ಕಡೆ ಒಂದೊಂದು ಚಕ್ರನೂ ಬೇರೆ ಬೇರೆ ತೂಗಿ ಕೊಡ್ತಾರೆ, ಹಾಗೆ ತೂಗಿಸಿದಾಗ ನಂದರಲ್ಲಿ ಭಾರದ ಚಕ್ರದ ಮೇಲೆ 1,680 ಪೌಂಡ್ ಇತ್ತು. ಟ್ರೈಲರ್ ಜೊತೆ ಬಂದಿದ್ದ ಟೈರ್ ಎಷ್ಟು ಹೊರುತ್ತೆ ಗೊತ್ತಾ? ಎಸ್‌ಟಿ (ಟ್ರೈಲರಿಗೇ ಅಂತ ಮಾಡಿದ ಟೈರ್) 205/75 ಆರ್14 (205 ಮಿಲಿಮೀಟರ್ ಅಗಲ, 14 ಇಂಚಿನ ರಿಮ್), ಲೋಡ್ ರೇಂಜ್ ಅಂದ್ರೆ ಭಾರ ಹೊರೋ ದರ್ಜೆ ಸಿ, 50 ಪಿಎಸ್ಐ (ಗಾಳಿ ಒತ್ತಡದ ಅಳತೆ) ಗಾಳಿ ಇದ್ದಾಗ 1,760. ಅಂದ್ರೆ 80 ಪೌಂಡ್ ಉಸಿರು. ಬೆಳಿಗ್ಗೆ ಗಾಳಿ ಐದು ಪಿಎಸ್ಐ ಕಮ್ಮಿ ಇದ್ರೆ ಆ ಉಸಿರೂ ಹೋಯ್ತು. ನನ್ನ ಟೈರ್ ಯಾಕೆ ಸಿಡೀತು ಅಂತ ಆವತ್ತು ಅರ್ಥ ಆಯ್ತು, ಅಲ್ಲಿ ತನಕ ಕಂಪನಿಯವ್ರನ್ನೇ ಬೈಕೊಂಡು ಓಡಾಡ್ತಿದ್ದೆ.

ಚೀಟಿಯ ತೂಕ ಮಾತ್ರ ಸಿಕ್ತು, ಒಂದೊಂದು ಚಕ್ರದ್ದು ಸಿಗ್ಲಿಲ್ಲ ಅಂದ್ರೆ ಸರಾಸರಿ ಮೇಲೆ ಹತ್ತು ಹದಿನೈದು ಪರ್ಸೆಂಟ್ ಸೇರಿಸ್ಕೊಂಡು ಅದನ್ನೇ ಭಾರದ ಚಕ್ರ ಅಂದ್ಕೊಳ್ಳಿ. ಅದರ ಮೇಲೆ ಟೈರಿಗೆ 15ರಿಂದ 20 ಪರ್ಸೆಂಟ್ ಶಕ್ತಿ ಮಿಕ್ಕಿರ್ಬೇಕು. ಇದು ಕಾನೂನಲ್ಲ, ನಾನು ಹಿಡ್ಕೊಂಡಿರೋ ಲೆಕ್ಕ.

ಉಳಿದ ಅಳತೆಗಳು

ವಯಸ್ಸು. ಕಾರ್ ಟೈರ್ ಓಡಿ ಓಡಿ ಸಾಯುತ್ತೆ, ಟ್ರೈಲರ್ ಟೈರ್ ನಿಂತು ನಿಂತು ಸಾಯುತ್ತೆ. ವರ್ಷದಲ್ಲಿ ಹತ್ತು ತಿಂಗಳು ಅದೇ ಜಾಗದಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತಲ್ಲ, ರಬ್ಬರ್ ಒಣಗಿ ಒಳಗಿನ ಪದರಗಳ ಅಂಟು ಬಿಡುತ್ತೆ. ಹಾಗಾಗಿ ಮೂರರಿಂದ ಐದು ವರ್ಷ ಅಂತಾರೆ, ನೆರಳಲ್ಲಿ ಕವರ್ ಹಾಕಿ ಇಟ್ಟವ್ರು ಆರು ಏಳರ ತನಕ ಎಳೀತಾರೆ, ನಾನು ಐದಕ್ಕೇ ಕೈ ಮುಗಿದುಬಿಡ್ತೀನಿ. ತಯಾರಾದ ದಿನ ನೋಡೋದು ಸುಲಭ, ಟೈರ್ ಮಗ್ಗುಲಲ್ಲಿ ಡಿಓಟಿ (ಅಮೆರಿಕದ ಸಾರಿಗೆ ಇಲಾಖೆ ಗುರುತು) ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ, ಮೊದಲೆರಡು ವಾರ, ಆಮೇಲೆರಡು ವರ್ಷ. 2419 ಅಂದ್ರೆ 2019ರ 24ನೇ ವಾರ. ತಮಾಷೆ ಏನಂದ್ರೆ ಈ ನಾಲ್ಕು ಅಂಕಿ ಟೈರಿನ ಒಂದೇ ಮಗ್ಗುಲಲ್ಲಿ ಇರ್ಬಹುದು, ಇನ್ನೊಂದು ಮಗ್ಗುಲಲ್ಲಿ ಅರ್ಧ ಸಾಲು ಮಾತ್ರ. ಆ ಮಗ್ಗುಲು ಒಳಮುಖವಾಗಿ ಕೂತಿದ್ರೆ ಟ್ರೈಲರ್ ಕೆಳಗೆ ಅಂಗಾತ ಮಲ್ಕೊಂಡು ಟಾರ್ಚ್ ಹಿಡ್ಕೊಂಡು ಓದ್ಬೇಕು, ಕಣ್ಣಿಗೆ ಮಣ್ಣು ಉದುರ್ತಾ ಇರುತ್ತೆ.

ಸ್ಪೀಡು. ಟೈರ್ ಮೈ ಮೇಲೆ ಲೋಡ್ ನಂಬರ್ ಪಕ್ಕ ಒಂದು ಅಕ್ಷರ ಇರುತ್ತೆ, ಎಲ್ ಅಂದ್ರೆ ಗಂಟೆಗೆ 75 ಮೈಲಿ, ಎಂ ಅಂದ್ರೆ 81, ಎನ್ ಅಂದ್ರೆ 87. ಅಕ್ಷರನೇ ಇಲ್ಲದ ಎಸ್‌ಟಿ ಟೈರ್ ಆದ್ರೆ 65 ಅಂತ್ಲೇ ತಿಳ್ಕೊಳ್ಳಿ, ಎಸ್‌ಟಿ ಟೈರಿನ ಭಾರದ ಲೆಕ್ಕ ಕಟ್ಟಿರೋದೇ 65 ಮೈಲಿ ಮೇಲೆ. ಅಕ್ಷರ ದೊಡ್ಡದಿದೆ ಅಂತ 80ರಲ್ಲಿ ಹೋಗಿ ಅಂತಲ್ಲ ಮತ್ತೆ, ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯೋರಿಗೆ 55ಕ್ಕಿಂತ ಜಾಸ್ತಿ ಬಿಡೋದೇ ಇಲ್ಲ. ಅಕ್ಷರ ದೊಡ್ಡದಿದ್ರೆ ಲಾಭ ಏನು ಅಂದ್ರೆ, 65ರಲ್ಲಿ ಹೋಗೋವಾಗ ಟೈರ್ ಅದ್ರ ಕೊನೇ ಅಂಚಲ್ಲಿ ಬೇಯ್ತಿರಲ್ಲ. ಟೈರನ್ನ ಕೊಲ್ಲೋದು ಬಿಸಿ, ಬಿಸಿ ಬರೋದು ಕಮ್ಮಿ ಗಾಳಿ, ಜಾಸ್ತಿ ಭಾರ, ಜಾಸ್ತಿ ಸ್ಪೀಡು ಈ ಮೂರರಿಂದ.

ಆಮೇಲೆ ರಿಮ್ಮು ಮತ್ತು ಜಾಗ. ಇದನ್ನ ಮರೆತೇ ಬಹಳ ಜನ ಕೈ ಸುಟ್ಕೊಳ್ಳೋದು. ರಿಮ್ಮಿನ ಹಿಂಭಾಗದಲ್ಲಿ ಅದು ಎಷ್ಟು ಭಾರ, ಎಷ್ಟು ಗಾಳಿ ತಡೆಯುತ್ತೆ ಅಂತ ಅಚ್ಚೊತ್ತಿರುತ್ತೆ. 50 ಪಿಎಸ್ಐ ರಿಮ್ಮಿಗೆ 80 ಪಿಎಸ್ಐ ಟೈರ್ ಹಾಕಿಸ್ಕೊಂಡು 80 ಹೊಡೆಸಿದ್ರೆ ಟೈರ್ ಗಟ್ಟಿ ಇದ್ದು ರಿಮ್ ಬಿರುಕು ಬಿಡುತ್ತೆ. ಜಾಗ ಅಂದ್ರೆ ಎರಡು ಕಡೆ, ಟೈರಿನ ಮೇಲೆ ಗೂಡಿಗೂ ಟೈರಿಗೂ ಮಧ್ಯೆ ಎಷ್ಟಿದೆ, ಮುಂದಿನ ಟೈರಿಗೂ ಹಿಂದಿನ ಟೈರಿಗೂ ಮಧ್ಯೆ ಎಷ್ಟಿದೆ. ನಿಂತಾಗ ಜಾಗ ಕಾಣುತ್ತೆ, ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಕುಗ್ಗಿ ಟೈರ್ ಮೇಲೆ ಬರುತ್ತೆ, ಆಗಿನ ಲೆಕ್ಕ ಹಾಕ್ಬೇಕು.

ದುಡ್ಡು ಕೊನೇಲಿ ಬರ್ಲಿ.

ಇದ್ದಿದ್ದೇ ಥರದ್ದು ಮತ್ತೆ ಹಾಕಿಸೋದು

ಅಂಗಡಿಯವ್ರು ಮೊದ್ಲು ಹೇಳೋದು ಇದನ್ನೇ, ಅದೇ ಸೈಜ್, ಅದೇ ಲೋಡ್ ರೇಂಜ್. ತೂಗಿಸಿ ನೋಡಿದಾಗ 20 ಪರ್ಸೆಂಟ್ ಮಿಕ್ತಿದೆ ಅಂದ್ರೆ ಇದರಲ್ಲಿ ಏನೂ ತಪ್ಪಿಲ್ಲ, ರಿಮ್ ಬದಲಾಯಿಸೋದಿಲ್ಲ, ವಾಲ್ವ್ ತಲೆನೋವಿಲ್ಲ, ಮೆತ್ತಗೆ ಓಡುತ್ತೆ. ಚಿಕ್ಕ ಟ್ರೈಲರ್, ಒಂದೇ ಆಕ್ಸೆಲ್, ವರ್ಷಕ್ಕೆ ಮೂರು ನಾಲ್ಕು ಸಲ ನೂರು ಮೈಲಿ ಒಳಗೆ ಕ್ಯಾಂಪಿಗೆ ಹೋಗಿ ಬರೋರಿಗೆ ಇಷ್ಟು ಸಾಕು. ಆದ್ರೆ ಫ್ಯಾಕ್ಟರಿಯವ್ರು ಹಾಕಿದ್ದು ಅಂದ್ರೆ ಲೆಕ್ಕ ಹಾಕೇ ಹಾಕಿರ್ತಾರೆ ಬಿಡಿ ಅನ್ನೋ ನಂಬಿಕೆ ಮಾತ್ರ ಇಟ್ಕೋಬೇಡಿ, ಅವ್ರು ಲೆಕ್ಕ ಹಾಕೋದು ಮೂತಿ ಮೇಲಿನ ಭಾರ ಕಳೆದು, ನಾಲ್ಕು ಚಕ್ರಕ್ಕೂ ಸಮ ಹಂಚಿ. ನಿಮ್ಮ ಫ್ರಿಜ್ ಯಾವ ಕಡೆ ಇದೆ ಅಂತ ಆ ಭಾಗಾಕಾರಕ್ಕೆ ಗೊತ್ತಿಲ್ಲ.

ಅದೇ ಸೈಜ್, ಒಂದು ಮೆಟ್ಟಿಲು ಮೇಲೆ

ನನ್ನ ಕೇಳಿದ್ರೆ ಹತ್ತರಲ್ಲಿ ಏಳು ಜನಕ್ಕೆ ಉತ್ತರ ಇದು. ಲೋಡ್ ರೇಂಜ್ ಸಿ ಇದ್ರೆ ಡಿ, ಡಿ ಇದ್ರೆ ಇ. ಹಳೇ ಕಾಲದ ಲೆಕ್ಕದಲ್ಲಿ ಸಿ ಅಂದ್ರೆ 6 ಪ್ಲೈ, ಡಿ 8, ಇ 10 ಅಂತಾರೆ, ಒಳಗೆ ಅಷ್ಟು ಪದರ ನಿಜವಾಗ್ಲೂ ಇರುತ್ತೆ ಅಂತಲ್ಲ, ಬರೀ ಶಕ್ತಿಯ ಅಂದಾಜು. ನನ್ನ ಆರ್14 ಸೈಜಿನಲ್ಲಿ ಡಿ ತಗೊಂಡ್ರೆ 65 ಪಿಎಸ್ಐಗೆ 2,040 ಪೌಂಡ್. 1,680 ಇರೋ ಕಡೆ 2,040 ಅಂದ್ರೆ 17 ಪರ್ಸೆಂಟ್ ಮೇಲೆ ಮಿಕ್ತು. ನೀರಿನ ಟ್ಯಾಂಕ್ ಖಾಲಿ ಇಟ್ಕೊಂಡು ಹೋಗಿ ಕ್ಯಾಂಪಲ್ಲೇ ತುಂಬಿಸ್ಕೊಂಡ್ರೆ ಚಕ್ರಕ್ಕೆ ಇನ್ನೊಂದು 80 ಪೌಂಡ್ ಹಗುರ, 20 ದಾಟಿತು. ಮುಗೀತಲ್ಲ ಕಥೆ.

ಇಲ್ಲೇ ಒಂದು ತಪ್ಪು ನಡೆಯುತ್ತೆ, ಗಮನ ಇಟ್ಟು ಓದಿ. ಇ ಟೈರ್ ಹಾಕಿಸ್ತಾರೆ, ಆಮೇಲೆ ಟ್ರೈಲರ್ ಮೇಲಿನ ಸ್ಟಿಕರ್‌ನಲ್ಲಿ 50 ಅಂತಿದೆ ಅಂತ 50 ಪಿಎಸ್ಐನೇ ಹೊಡೆಸ್ಕೊಂಡು ಓಡಾಡ್ತಾರೆ. ಭಾರ ಹೊರೋದು ರಬ್ಬರ್ ಅಲ್ಲ ಸ್ವಾಮಿ, ಒಳಗಿರೋ ಗಾಳಿ. ಎಸ್‌ಟಿ 225/75 ಆರ್15 ತಗೊಳ್ಳಿ, 50 ಪಿಎಸ್ಐ ಅಂದ್ರೆ 2,150 ಪೌಂಡ್, 65ಕ್ಕೆ 2,540, 80ಕ್ಕೆ 2,830. ಇ ಟೈರಿಗೆ 50 ಹೊಡೆಸಿದ್ರೆ ಅದು ಹೊರೋದು ಸಿ ಟೈರ್ ಹೊತ್ತಷ್ಟೇ. ಇ ಅನ್ನೋ ಅಕ್ಷರಕ್ಕೆ ದುಡ್ಡು ಕೊಟ್ಟು ಸಿ ಓಡಿಸ್ದಂಗಾಯ್ತು. ಹಾಗಂತ ಹಗುರ ಟ್ರೈಲರಿಗೆ 80 ಹೊಡೆಸಿದ್ರೆ ಕಲ್ಲಿನ ಚಕ್ರ ಕಟ್ಟಿದಂಗೆ ಕುಣಿಯುತ್ತೆ, ಕಪಾಟಿನ ಸ್ಕ್ರೂ ಒಂದೊಂದಾಗಿ ಸಡಿಲ ಆಗುತ್ತೆ. ಟೈರ್ ಕಂಪನಿಯವ್ರ ಗಾಳಿ ಪಟ್ಟಿ ನೋಡಿ ನಿಮ್ಮ ಭಾರಕ್ಕೂ ಮಿಗೋಕೂ ಎಷ್ಟು ಬೇಕೋ ಅಷ್ಟು ಹಾಕಿ, ಪಟ್ಟಿ ನೋಡೋ ತಾಳ್ಮೆ ಇಲ್ಲ ಅಂದ್ರೆ ಸೈಡ್‌ವಾಲ್ ಮೇಲೆ ಬರೆದಿರೋ ಪೂರ್ತಿ ಗಾಳಿನೇ ಹಾಕಿಬಿಡಿ, ಕಮ್ಮಿಗಿಂತ ಅದು ವಾಸಿ. ಹೇಗೇ ಹಾಕಿದ್ರೂ ಟೈರ್ ತಣ್ಣಗಿದ್ದಾಗ ಹಾಕಿ, ಬೆಳಿಗ್ಗೆ ಹೊರಡೋ ಮುಂಚೆ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಏರಿದ್ರೆ ಗಾಳಿ ಸುಮಾರು 2 ಪರ್ಸೆಂಟ್ ಏರುತ್ತೆ, ಅದು ಸಹಜ, ಮಧ್ಯಾಹ್ನ ಜಾಸ್ತಿ ತೋರಿಸ್ತಿದೆ ಅಂತ ಬಿಡೋಕೆ ಹೋಗ್ಬೇಡಿ.

ಈ ಗುಂಪಲ್ಲಿ ಕಂಪನಿ ಹೆಸರು ಬೇಕೇ ಬೇಕು ಅಂದ್ರೆ, ಗುಡ್‌ಇಯರ್ ಎಂಡ್ಯೂರೆನ್ಸ್ 2017ರಲ್ಲಿ ಬಂತು, ಅಮೆರಿಕದಲ್ಲೇ ತಯಾರಾಗೋದು, ಎನ್ ಸ್ಪೀಡ್ ಅಕ್ಷರ, 14 ಇಂಚಿನ ಡಿಯಲ್ಲೂ ಸಿಗುತ್ತೆ, ಅದಕ್ಕೇ ಎಲ್ರ ಬಾಯಲ್ಲೂ ಅದೇ. ರೇಟೂ ಹಾಗೇ ಇರುತ್ತೆ. ಕಾರ್ಲೈಲ್ ರೇಡಿಯಲ್ ಟ್ರೈಲ್ ಎಚ್‌ಡಿ ಸ್ವಲ್ಪ ಕಮ್ಮಿಗೆ ಸಿಗೋದು, ಎಷ್ಟೋ ಊರಲ್ಲಿ ತಕ್ಷಣ ಸ್ಟಾಕ್ ಇರುತ್ತೆ. ಮ್ಯಾಕ್ಸಿಸ್ ಎಂ8008 ಹಳೇ ಹುಲಿ, ವರ್ಷಗಟ್ಟಲೆಯಿಂದ ಓಡಿಸ್ತಿರೋರಿದಾರೆ. ಈ ಮೂರರ ಮಧ್ಯೆ ಜಗಳ ಆಡೋದ್ರಲ್ಲಿ ಅರ್ಥ ಇಲ್ಲ, ಇವತ್ತು ಅಂಗಡಿಲಿ ಯಾವುದು ಹೊಸ ತಾರೀಖಿನದು ಇದೆಯೋ ಅದನ್ನ ತಗೊಳ್ಳಿ. ಹೆಸರೇ ಕೇಳಿರದ ಅಗ್ಗದ ಟೈರ್ ಬಗ್ಗೆ ಕೇಳೋರು, ಅದಕ್ಕೂ ಡಿಓಟಿ ಗುರುತು ಇದ್ದೇ ಇರುತ್ತೆ, ಎಲ್ಲಾ ಸಿಡಿಯುತ್ತೆ ಅಂತ ಹೇಳೋಕಾಗಲ್ಲ. ಬಜೆಟ್ ಇಕ್ಕಟ್ಟಾಗಿದ್ರೆ ದೊಡ್ಡ ಹೆಸರಿನ ಸಿಗಿಂತ ಚಿಕ್ಕ ಹೆಸರಿನ ಡಿ ಹಾಕಿಸಿ, ಮೂರು ವರ್ಷಕ್ಕೆ ಬಿಸಾಕೋ ಮನಸ್ಸು ಇಟ್ಕೊಂಡೇ ಹಾಕಿಸಿ.

ದೊಡ್ಡ ಸೈಜ್, ಇಲ್ಲಾ 15 ಇಂಚಿಗೆ ಹೋಗೋದು

ಡಿಗೆ ಹೋದ್ರೂ ಸಾಲ್ತಿಲ್ಲ ಅನ್ನೋರಿಗೆ ಇದು. 205ರ ಬದ್ಲು 215/75 ಆರ್14 ಡಿ ಹಾಕಿದ್ರೆ 2,200 ಪೌಂಡ್, ರಿಮ್ ಅದೇ ಸಾಕಾಗ್ಬಹುದು, ಎತ್ತರ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇಲ್ಲಾಂದ್ರೆ 15 ಇಂಚಿನ ರಿಮ್ ಸೆಟ್ಟೇ ತಗೊಂಡ್ರೆ ಆಯ್ಕೆ ಬಹಳ, 205/75 ಆರ್15 ಡಿ 2,150, 225/75 ಆರ್15 ಇ ಅಂತೂ ಆಗ್ಲೇ ಹೇಳಿದ 2,830. 14 ಇಂಚಿನ ಲೋಕದಲ್ಲಿ ಒಳ್ಳೇ ಟೈರ್ ಹುಡುಕೋದೇ ಕಷ್ಟ, 15ಕ್ಕೆ ಹೋದ್ರೆ ಯಾವ ಊರಲ್ಲಿ ಕೆಟ್ಟು ನಿಂತ್ರೂ ಸಿಗುತ್ತೆ.

ಬೆಲೆ ಏನಂದ್ರೆ ರಿಮ್ಮಿನ ದುಡ್ಡು, ಬೋಲ್ಟ್ ತೂತುಗಳ ಅಳತೆ ಸರಿಹೊಂದ್ಬೇಕು, ರಿಮ್ಮೂ ಅಷ್ಟು ಭಾರ ತಡೆಯೋದೇ ಆಗ್ಬೇಕು, ಸ್ಟೆಪ್ನಿನೂ ಹೊಸದು ಬೇಕು. 205 ಆರ್14ನಿಂದ 205 ಆರ್15ಗೆ ಟೈರಿನ ಎತ್ತರ ಸುಮಾರು 26ರಿಂದ 27 ಇಂಚಿಗೆ ಹೋಗುತ್ತೆ, ಟ್ರೈಲರ್ ಅರ್ಧ ಇಂಚು ಮೇಲೇರುತ್ತೆ, ಅದರಿಂದ ಏನೂ ಆಗಲ್ಲ. ಆದ್ರೆ ಮೇಲಿನ ಗೂಡಲ್ಲಿ ಅರ್ಧ ಇಂಚು, ಎರಡು ಟೈರ್ ಮಧ್ಯೆ ಪೂರ್ತಿ ಒಂದು ಇಂಚು ಕಳ್ಕೊಳ್ತೀರಿ. ಅಳತೆ ಟೇಪ್ ಹಿಡ್ಕೊಂಡು ಹೋಗಿ ನೋಡಿ, ಮಧ್ಯೆ ಮುಷ್ಟಿನೂ ಹೋಗಲ್ಲ ಅನ್ನೋ ಹಾಗಿದ್ರೆ ಬೇಡ. ಮತ್ತೆ ದೊಡ್ಡ ಟೈರ್ ಹಾಕಿದ್ದೀನಿ ಅಂತ ಸಾಮಾನು ಜಾಸ್ತಿ ತುಂಬೋದು ಬೇಡ, ಆಕ್ಸೆಲ್ ಅದೇ ಹಳೇದು, ಅದ್ರ ಮಿತಿ ಒಂದು ಪೌಂಡೂ ಏರಲ್ಲ.

ಎಲ್‌ಟಿ ಟೈರ್

ಇದರ ಬಗ್ಗೆ ಜಗಳ ಮುಗಿಯೋದೇ ಇಲ್ಲ. ಎಲ್‌ಟಿ ಅಂದ್ರೆ ಪಿಕಪ್ ಟ್ರಕ್‌ಗೆ ಹಾಕೋದು. ಅದರ ಪರ ಇರೋರ ಮಾತಲ್ಲಿ ಹುರುಳಿದೆ, ಅಮೆರಿಕದ ಸರ್ಕಾರ 2000ದ ಟ್ರೆಡ್ ಕಾನೂನು ಆದ್ಮೇಲೆ ಕಾರ್ ಮತ್ತು ಲಘು ಟ್ರಕ್ ಟೈರಿಗೆ ಎಫ್‌ಎಂವಿಎಸ್‌ಎಸ್ 139 ಅಂತ ಕಠಿಣ ಪರೀಕ್ಷೆ ತಂತು, ಎಸ್‌ಟಿ ಟೈರನ್ನ ಅದರಿಂದ ಹೊರಗಿಟ್ಟು ಹಳೇ 119ರಲ್ಲೇ ಬಿಡ್ತು. ಎಲ್‌ಟಿ ಜಾಸ್ತಿ ಸ್ಪೀಡಿಗೆ ಮಾಡಿರೋದು, ಜಾಸ್ತಿ ವರ್ಷ ಬಾಳುತ್ತೆ.

ಆದ್ರೆ ಅದೇ ಅಂದಾಜಿನ ಸೈಜಿಗೆ ಹೊರೋ ಭಾರ ಕಮ್ಮಿ. ಎಲ್‌ಟಿ 235/85 ಆರ್16 ಇ 3,042 ಪೌಂಡ್ ಹೊತ್ರೆ, ಅದಕ್ಕಿಂತ ಚೂರು ಗಿಡ್ಡ ಇರೋ ಎಸ್‌ಟಿ 235/80 ಆರ್16 ಇ 3,400ರ ಮೇಲೆ ಹೊರುತ್ತೆ. ಹಾಗಾಗಿ ಲೆಕ್ಕ ನೋಡದೆ ಎಲ್‌ಟಿ ಒಳ್ಳೇದಂತೆ ಅಂತ ಹಾಕಿಸಿದ್ರೆ ಇದ್ದ ಉಸಿರನ್ನೂ ಕಳ್ಕೊಂಡಂಗೆ. ಇನ್ನೊಂದು, ಎರಡು ಆಕ್ಸೆಲ್ ಟ್ರೈಲರನ್ನ ಕ್ಯಾಂಪಿನ ಇಕ್ಕಟ್ಟಲ್ಲಿ ತಿರುಗಿಸೋವಾಗ ಹೊರಗೆ ನಿಂತು ಟೈರ್ ನೋಡಿದೀರಾ? ಮುಂದಿನದು ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ಸೊಟ್ಟ ಮಾಡ್ಕೊಂಡು ಜಲ್ಲಿ ಮೇಲೆ ಎಳ್ಕೊಂಡು ಹೋಗುತ್ತೆ, ರಿಮ್ಮೇ ಕಳಚ್ಕೊಂಡು ಬರುತ್ತೇನೋ ಅನ್ಸುತ್ತೆ. ಎಸ್‌ಟಿ ಟೈರಿನ ಮಗ್ಗುಲು ಗಟ್ಟಿಯಾಗಿ ಮಾಡಿರೋದು ಇಂಥ ಎಳೆದಾಟಕ್ಕೇ. 16 ಇಂಚಿನ ರಿಮ್, ಭಾರಕ್ಕಿಂತ ಬೇಕಾದಷ್ಟು ಮಿಕ್ಕಿರೋ ಲೆಕ್ಕ, ವರ್ಷಕ್ಕೆ ಹತ್ತಾರು ಸಾವಿರ ಮೈಲಿ ತಿರುಗಾಟ ಮೂರೂ ಇದ್ರೆ ಎಲ್‌ಟಿ ಯೋಚನೆ ಮಾಡಿ, ಹೈವೇ ಗ್ರಿಪ್ಪಿನದು ತಗೊಳ್ಳಿ, ಕೆಸರಿಗೆ ಮಾಡಿದ ದಪ್ಪ ಹಲ್ಲಿನದು ಬೇಡ. 14 ಇಂಚಿನವ್ರು ಈ ಜಗಳಕ್ಕೆ ಬರೋದೇ ಬೇಡ, ನಿಮ್ಮ ಸೈಜಿಗೆ ಆಗುವಂಥದ್ದು ಹುಡುಕಿದ್ರೂ ಸಿಗೋದು ಕಷ್ಟ.

ಕಾರ್ ಟೈರ್ ಅಂತೂ ಬೇಡ್ವೇ ಬೇಡ. ಅದನ್ನ ಟ್ರೈಲರಿಗೆ ಹಾಕಿದ್ರೆ ಬರೆದಿರೋ ಭಾರವನ್ನ 1.1ರಿಂದ ಭಾಗಿಸಿ ಲೆಕ್ಕ ಹಿಡೀಬೇಕು ಅಂತ ನಿಯಮನೇ ಇದೆ, ಮೊದಲೇ ಕಮ್ಮಿ, ಅದರಲ್ಲೂ ಕಮ್ಮಿ.

ಪೂರ್ತಿ ಸ್ಟೀಲ್ ಟೈರ್, ಬಯಾಸ್ ಟೈರ್

ಸೈಲುನ್ ಎಸ್637 ಅಂತ ಹೇಳ್ತಾರಲ್ಲ, ಅದು ಮಗ್ಗುಲಿಗೂ ಉಕ್ಕಿನ ತಂತಿ ಇರೋದು, ಲಾರಿ ಟೈರಿನ ತಮ್ಮ. 235/85 ಆರ್16 ಲೋಡ್ ರೇಂಜ್ ಜಿ 110 ಪಿಎಸ್ಐಗೆ 4,400 ಪೌಂಡ್ ಹೊರುತ್ತೆ. ದೊಡ್ಡ ಫಿಫ್ತ್ ವೀಲ್ (ಪಿಕಪ್ಪಿನ ಹಿಂಭಾಗದ ತೊಟ್ಟಿ ಒಳಗೇ ಕೊಂಡಿ ಕೂರೋ ಟ್ರೈಲರ್), 7,000 ಪೌಂಡಿನ ಆಕ್ಸೆಲ್ ಇರೋರಿಗೆ ಇ ಟೈರ್ ಅಂಚಿಗೆ ಬರುತ್ತೆ, ಅವ್ರಿಗೆ ಇದು ನೆಮ್ಮದಿ. ಆದ್ರೆ 110 ತಡೆಯೋ ರಿಮ್ ಇರ್ಬೇಕು, 110 ಹೊಡೆಯೋ ಪಂಪ್ ಜೊತೇಲಿ ಇರ್ಬೇಕು, ಸಾಮಾನ್ಯ ಪೆಟ್ರೋಲ್ ಬಂಕಿನ ಪಂಪ್ ಅಲ್ಲಿ ತನಕ ಏರೋ ಹೊತ್ತಿಗೆ ರಾತ್ರಿಯಾಗುತ್ತೆ. ಟೈರೇ ಭಾರ, ಸವಾರಿ ಗಟ್ಟಿ. ಹಗುರ ಟ್ರೈಲರಿಗೆ ಇದು ದಂಡ.

ಬಯಾಸ್ ಪ್ಲೈ ಅಂದ್ರೆ ಒಳಗಿನ ಪದರ ಓರೆಯಾಗಿ ಹಾಕಿದ ಹಳೇ ಥರದ ಟೈರ್, ಅದರ ಸೈಜಲ್ಲಿ ರೇಡಿಯಲ್ ಅನ್ನೋ ಆರ್ ಜಾಗದಲ್ಲಿ ಡಿ ಇರುತ್ತೆ, ಇದು ಲೋಡ್ ರೇಂಜ್ ಡಿ ಅಲ್ಲ. ಅಗ್ಗ, ಮಗ್ಗುಲು ಗಟ್ಟಿ, ಆದ್ರೆ ಹೈವೇನಲ್ಲಿ ಬಿಸಿ ಜಾಸ್ತಿ, ಬೇಗ ಸವೆಯುತ್ತೆ, ನಿಂತಲ್ಲೇ ಚಪ್ಪಟೆ ಆಗುತ್ತೆ. ತೋಟದಲ್ಲಿ ಹುಲ್ಲು ಸಾಗಿಸೋ ಗಾಡಿಗೆ ಓಕೆ. ದುಡ್ಡು ಉಳಿಸೋಕೆ ಎರಡು ರೇಡಿಯಲ್ ಎರಡು ಬಯಾಸ್ ಮಾತ್ರ ಮಾಡ್ಬೇಡಿ.

ಹಾಗಾದ್ರೆ ಯಾರಿಗೆ ಯಾವುದು

ವಾರದ ಕೊನೆಗೆ ಹತ್ತಿರದಲ್ಲೇ ಹೋಗಿ ಬರೋರು, ತೂಕದಲ್ಲಿ ಮಿಕ್ಕಿರೋರು, ಇದ್ದಿದ್ದೇ ಸೈಜ್ ಇದ್ದಿದ್ದೇ ರೇಂಜ್ ಹಾಕಿಸಿ ಉಳಿದ ದುಡ್ಡಲ್ಲಿ ಟೈರ್ ಕವರ್ ತಗೊಳ್ಳಿ. ಅಂಚಲ್ಲಿ ಇರೋರು, ಅಂದ್ರೆ ಬಹಳಷ್ಟು ಜನ, ಒಂದು ಮೆಟ್ಟಿಲು ಮೇಲೆ. ಅರಿಜೋನಾ ನೆವಾಡಾ ಕಡೆ ಬೇಸಿಗೆಯಲ್ಲಿ ಓಡಿಸೋರಿಗೆ ನಾನು ಭಾರ ಮಿಕ್ಕಿದ್ರೂ ಒಂದು ಮೆಟ್ಟಿಲು ಮೇಲೇ ಅಂತೀನಿ, ಅಲ್ಲಿನ ರಸ್ತೆ ಕಾವಲಿ ಇದ್ದಂಗೆ. ಡಿಯಲ್ಲೂ ಸಾಲದವ್ರು 15 ಇಂಚು. ವರ್ಷಪೂರ್ತಿ ಟ್ರೈಲರಲ್ಲೇ ಬದುಕೋರು, ಮನೆ ಸಾಮಾನೆಲ್ಲ ಅದ್ರಲ್ಲೇ ಇರೋರು, ಜುಗ್ಗತನ ಬಿಟ್ಟು ಮೊದ್ಲು ಚಕ್ರ ಚಕ್ರ ತೂಗಿಸಿ, ಆಮೇಲೆ ಅಂಗಡಿಗೆ ಹೋಗಿ. ಟ್ರೈಲರನ್ನೇ ಮುಂದಿನ ವರ್ಷ ಮಾರ್ತೀನಿ ಅನ್ನೋರೂ ಇದಾರೆ, ಅವ್ರೂ ಐದು ವರ್ಷ ದಾಟಿದ್ರೆ ಅಗ್ಗದ್ದಾದ್ರೂ ಹೊಸದು ಹಾಕಿಸಿ, ತಗೊಳ್ಳೋನಿಗೂ ಹೆಂಡ್ತಿ ಮಕ್ಕಳಿರ್ತಾರೆ.

ನಾಲ್ಕರಲ್ಲಿ ಒಂದೇ ಸಿಡಿದಿದೆ, ಒಂದೇ ಹಾಕಿಸಿದ್ರೆ ಸಾಕಲ್ವಾ ಅಂತ ಕೇಳ್ತಾರೆ. ಸಿಡಿದಾಗ ಅದೇ ಮಗ್ಗುಲಿನ ಜೊತೆ ಟೈರ್ ಎರಡು ಟೈರಿನ ಭಾರನೂ ಒಬ್ಬನೇ ಹೊತ್ತಿರುತ್ತೆ, ನೋಡೋಕೆ ಏನೂ ಆಗಿರಲ್ಲ, ಒಳಗೆ ಬೆಂದಿರುತ್ತೆ. ಕನಿಷ್ಠ ಆ ಎರಡನ್ನೂ ಬದಲಾಯಿಸಿ.

ಅಂಗಡಿಯಲ್ಲಿ

ಟೈರ್ ರಿಮ್ಮಿಗೆ ಏರಿಸೋ ಮುಂಚೆ ನಾಲ್ಕರದ್ದೂ ತಾರೀಖು ಓದಿ. ನನಗೆ ಒಂದು ಕಡೆ ಹೊಸ ಟೈರ್ ಅಂತ ಕೊಟ್ಟಿದ್ರಲ್ಲಿ ಒಂದು ಗೋಡೌನಲ್ಲೇ ಎರಡು ವರ್ಷ ತೂಕಡಿಸಿತ್ತು, ಐದು ವರ್ಷದ ಆಯಸ್ಸಲ್ಲಿ ಎರಡು ಅಲ್ಲೇ ಖರ್ಚು. ಆರು ತಿಂಗಳ ಒಳಗಿನದು ಕೇಳಿ, ಇಲ್ಲ ಅಂದ್ರೆ ಒಂದು ವಾರ ಕಾದು ತರಿಸಿ. ತಾರೀಖು ಇರೋ ಮಗ್ಗುಲು ಹೊರಗೆ ಬರೋ ಹಾಗೆ ಹಾಕಿ ಅಂತ ಮೊದಲೇ ಹೇಳಿ, ಮುಂದೆ ಟಾರ್ಚ್ ಹಿಡ್ಕೊಂಡು ಮಲಗೋದು ತಪ್ಪುತ್ತೆ.

ವಾಲ್ವ್ ಬದಲಾಯಿಸಿ. ಮಾಮೂಲಿ ರಬ್ಬರ್ ವಾಲ್ವ್ 65 ಪಿಎಸ್ಐ ತನಕ ಮಾತ್ರ, ಇ ಟೈರಿಗೆ 80 ಹೊಡೆಸೋರು ಲೋಹದ್ದೇ ಹಾಕಿಸಿ. ಇದಕ್ಕೂ ಚೌಕಾಸಿ ಮಾಡೋರನ್ನ ನೋಡಿದೀನಿ, ಆನೆ ಕೊಂಡು ಅಂಕುಶಕ್ಕೆ ಜಗಳ ಆಡ್ದಂಗೆ. ಗಾಳಿ, ಬಿಸಿ ಎರಡನ್ನೂ ಡ್ಯಾಶ್‌ಬೋರ್ಡಲ್ಲಿ ತೋರಿಸೋ ಟಿಪಿಎಂಎಸ್ ಸೆನ್ಸರ್ ತಗೊಳ್ಳಿ, ವಾಲ್ವ್ ತುದಿಗೆ ತಿರುಚೋ ಥರದ್ದು ಸಾಕು, ಅದರ ಭಾರಕ್ಕೂ ಲೋಹದ ವಾಲ್ವೇ ಬೇಕು. ನನಗೆ ಆವತ್ತು ಲಾರಿಯವನು ಹೇಳಿದ್ದನ್ನ ಈಗ ಅದು ಹೇಳುತ್ತೆ, ಸಿಡಿಯೋ ಮುಂಚೆನೇ. ಬ್ಯಾಲೆನ್ಸಿಂಗ್ ಮಾಡಿಸಿ, ಟ್ರೈಲರಿಗೆ ಯಾಕೆ ಅಂತ ಅಂಗಡಿಯವ್ರೇ ಅಂತಾರೆ, ಆದ್ರೂ ಮಾಡಿಸಿ.

ನಟ್ಟುಗಳನ್ನ ಟಾರ್ಕ್ ರೆಂಚಲ್ಲಿ ನಿಮ್ಮ ಪುಸ್ತಕದಲ್ಲಿ ಹೇಳಿರೋ ಅಳತೆಗೆ ಬಿಗಿಸ್ಬೇಕು, ಮಾಮೂಲಿ ಅರ್ಧ ಇಂಚಿನ ಬೋಲ್ಟಿಗೆ 90ರಿಂದ 120 ಅಡಿ ಪೌಂಡ್ ಇರುತ್ತೆ. ಐವತ್ತು ಮೈಲಿ ಓಡಿದ್ಮೇಲೆ ಎಲ್ಲಾದ್ರೂ ನಿಲ್ಲಿಸಿ ಮತ್ತೆ ಬಿಗಿಸಿ, ಹೊಸ ರಿಮ್ ಆದ್ರೆ ಒಂದಾದ್ರೂ ಕಾಲು ಸುತ್ತು ತಿರುಗೇ ತಿರುಗುತ್ತೆ.

ಸ್ಟೆಪ್ನಿ ಮರೀಬೇಡಿ. ಟ್ರೈಲರ್ ಹಿಂದೆ ಕವರ್ ಹಾಕ್ಕೊಂಡು ತೂಗಾಡ್ತಿರೋದನ್ನ ಯಾರೂ ಬಿಚ್ಚಿ ನೋಡಲ್ಲ. ನಂದು ಸಿಡಿದ ದಿನ ರಸ್ತೆ ಪಕ್ಕ ನಿಂತು ಆ ಕವರ್ ಮೊದಲ ಸಲ ತೆಗೆದೆ, ಟೈರ್ ಫಳಫಳ ಅಂತಿತ್ತು, ಗೇಜ್ ಇಟ್ಟು ನೋಡಿದ್ರೆ ಒಳಗೆ 18 ಪಿಎಸ್ಐ ಗಾಳಿ.